‘ಬರೀ ಕ್ರೋ’ ಎಂದು ಕ್ಯಾಮೆರಾ ಇಳಿಸುವ ಮುನ್ನ

ಚಿಟ್ಟೆಗಳ ಬೆನ್ನುಹತ್ತಿದ ಕರ್ನಾಟಕದ ಛಾಯಾಗ್ರಾಹಕರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಗೆಳೆಯ ಗೆಳತಿಯರೇ,

ಮುಂಗಾರಿಗೆ ಮುಂಚಿನ ನಾಲ್ಕು ಹನಿ ಬಿದ್ದರೆ ಸಾಕು, ನೀವೆಲ್ಲ ಕ್ಯಾಮೆರಾ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತೀರಿ. ಕೆಲವರು ಬೆಂಗಳೂರಿನ ದೊರೆಸಾನಿಪಾಳ್ಯಕ್ಕೆ, ಕೆಲವರು ಆಗುಂಬೆ, ಶಿರಸಿ, ಮಡಿಕೇರಿಯ ಹಾದಿಗೆ, ಇನ್ನು ಕೆಲವರು ಮನೆಯ ಹಿತ್ತಲಿನ ನಿಂಬೆಗಿಡದ ಬುಡಕ್ಕೆ. ದೊಡ್ಡ ಲೆನ್ಸ್ ಇರುವವರೂ ಇದ್ದೀರಿ, ಮೊಬೈಲಿನಲ್ಲೇ ಸೊಗಸಾದ ಚಿತ್ರ ತೆಗೆಯುವವರೂ ಇದ್ದೀರಿ. ನಿಮ್ಮ ಚಿಟ್ಟೆ ಚಿತ್ರಗಳನ್ನು ನೋಡುತ್ತ, ಹೆಸರು ಹುಡುಕಲು ಕೈಜೋಡಿಸುವುದು ನನ್ನ ಬಹುದಿನದ ಪ್ರೀತಿಯ ಕೆಲಸ. ಆ ಸಲಿಗೆಯಿಂದ ಒಂದು ಮಾತು ಕೇಳಿಕೊಳ್ಳುತ್ತೇನೆ: ಕಪ್ಪುಗಂದು ಬಣ್ಣದ, ರೆಕ್ಕೆಯಂಚಿಗೆ ಬಿಳಿ ಚುಕ್ಕಿಗಳ ಚಿಟ್ಟೆಯೊಂದು ನಿಧಾನವಾಗಿ ತೇಲಿಬಂದಾಗ ‘ಓ, ಬರೀ ಕ್ರೋ’ ಎಂದು ಕ್ಯಾಮೆರಾ ಕೆಳಗಿಳಿಸಬೇಡಿ.

ಅದು ಕಾಮನ್ ಕ್ರೋ ಆಗಿಲ್ಲದೆಯೂ ಇರಬಹುದು. ಅದರ ಸೋಗು ಹಾಕಿಕೊಂಡ ಕಾಮನ್ ಮೈಮ್ ಇರಬಹುದು. ಮಲೆನಾಡಿನಲ್ಲಾದರೆ, ಪಶ್ಚಿಮಘಟ್ಟ ಬಿಟ್ಟು ಬೇರೆಲ್ಲೂ ಸಿಗದ ಮಲಬಾರ್ ರೇವನ್ ಇರಬಹುದು. ಗ್ರೇಟ್ ಎಗ್‌ಫ್ಲೈ ಎಂಬ ಚಿಟ್ಟೆಯ ಹೆಣ್ಣೂ ಇರಬಹುದು. ನಿಜವಾದ ಕ್ರೋಗಳಲ್ಲೇ ಡಬಲ್ ಬ್ರಾಂಡೆಡ್ ಕ್ರೋ, ಬ್ರೌನ್ ಕಿಂಗ್ ಕ್ರೋ ಎಂಬ ದಾಯಾದಿಗಳಿದ್ದಾವೆ. ನಾಲ್ಕಡಿ ದೂರದಿಂದ ನೋಡಿದರೆ ಇವೆಲ್ಲವೂ ಹೆಚ್ಚುಕಡಿಮೆ ಒಂದೇ ಚಿಟ್ಟೆ.

ಈ ಪತ್ರದಲ್ಲಿ ನಾನು ಹೆಚ್ಚಾಗಿ ಹೇಳಹೊರಟಿರುವುದು ಕಾಮನ್ ಮೈಮ್ ಬಗ್ಗೆ. ವಿಜ್ಞಾನಿಗಳು ಪ್ಯಾಪಿಲಿಯೊ ಕ್ಲಿಟಿಯಾ ಎನ್ನುವ ಇದು ಸ್ವಾಲೋಟೇಲ್ ಕುಟುಂಬದ್ದು, ಅಂದರೆ ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ನೆಂಟ. ಆ ಕುಟುಂಬದ ಹೆಸರಿಗೆ ಕಾರಣವಾದ ಬಾಲ ಇದಕ್ಕಿಲ್ಲ, ಬರ್ಡ್‌ವಿಂಗ್‌ನ ಥಳಕೂ ಇಲ್ಲ. ಇದರ ಬೆಡಗು ಬೇರೆಯದು. ಒಂದೇ ಜಾತಿಯೊಳಗೆ ಎರಡು ರೂಪಗಳಿವೆ. ಒಂದು ರೂಪ ಕಪ್ಪುಗಂದು ಮೈಯ ಕಾಮನ್ ಕ್ರೋವನ್ನು ಹೋಲುತ್ತದೆ. ಇನ್ನೊಂದು ಕಪ್ಪು ಮೈಮೇಲೆ ತಿಳಿಬಣ್ಣದ ಗೀರುಗಳ ಬ್ಲೂ ಟೈಗರನ್ನು ಹೋಲುತ್ತದೆ. ಕಾಮನ್ ಮಾರ್ಮನ್‌ನಂಥ ಚಿಟ್ಟೆಗಳಲ್ಲಿ ಹೆಣ್ಣು ಮಾತ್ರ ವೇಷ ಹಾಕಿದರೆ, ಮೈಮ್‌ನಲ್ಲಿ ಗಂಡಿಗೂ ಹೆಣ್ಣಿಗೂ ಎರಡೂ ರೂಪ ಉಂಟು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಜಾತಿ ಎಂದು ನಂಬುವುದು ಕಷ್ಟ.

ಸ್ವೀಡನ್ನಿನ ಲಿನೇಯಸ್ ಕೂಡ ನಂಬಲಿಲ್ಲ. ಜೀವಿಗಳಿಗೆ ಜೋಡಿಹೆಸರು ಕೊಟ್ಟ 1758ರ ಗ್ರಂಥದಲ್ಲಿ ಅವರು ಈ ಎರಡು ರೂಪಗಳನ್ನು ಎರಡು ಜಾತಿಗಳೆಂದೇ ಬರೆದು, ಒಂದಕ್ಕೆ ಕ್ಲಿಟಿಯಾ, ಇನ್ನೊಂದಕ್ಕೆ ಡಿಸ್ಸಿಮಿಲಿಸ್ ಎಂದು ಹೆಸರಿಟ್ಟರು. ಅದೇ ಗ್ರಂಥದಲ್ಲಿ ಕಾಮನ್ ಮಾರ್ಮನ್‌ನ ಗಂಡಿಗೆ ಒಂದು ಹೆಸರು, ವೇಷದ ಹೆಣ್ಣಿಗೆ ಇನ್ನೊಂದು ಹೆಸರು ಬಿತ್ತು. ಅವರ ಮುಂದೆ ಇದ್ದುದು ಹಡಗಿನಲ್ಲಿ ಬಂದ ಒಣಗಿದ ಮಾದರಿಗಳು. ಯಾವ ಗಿಡದಲ್ಲಿ ಮೊಟ್ಟೆ ಇಟ್ಟಿತ್ತು, ಯಾವುದರ ಜೊತೆ ಕೂಡಿತ್ತು, ಹೇಗೆ ಹಾರುತ್ತಿತ್ತು ಎಂಬುದನ್ನು ಒಣ ರೆಕ್ಕೆ ಹೇಳಲಾರದು. ಮಾರ್ಮನ್‌ನ ಬೇರೆಬೇರೆ ಹೆಣ್ಣುಗಳೆಲ್ಲ ಒಂದೇ ಜಾತಿಯವು ಎಂಬುದನ್ನು ಆಲ್ಫ್ರೆಡ್ ರಸೆಲ್ ವಾಲೇಸ್ 1865ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಿವರಿಸಿದರು. ಅಷ್ಟರಲ್ಲಿ ನೂರು ವರ್ಷ ದಾಟಿತ್ತು. ವಾಲೇಸ್‌ಗೆ ಅದು ಸಾಧ್ಯವಾದದ್ದು ಮಲಯ ದ್ವೀಪಗಳಲ್ಲಿ ಆ ಚಿಟ್ಟೆಗಳ ನಡುವೆಯೇ ವರ್ಷಗಟ್ಟಲೆ ಅಲೆದಿದ್ದರಿಂದ. ನೀವೂ ಚಿಟ್ಟೆಗಳ ನಡುವೆ ಅಲೆಯುವವರು. ಅದಕ್ಕೇ ಈ ಮಾತನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಈ ಸೋಗಿನ ಹಿಂದಿನ ಲೆಕ್ಕಾಚಾರ ನಿಮ್ಮಲ್ಲಿ ಹಲವರಿಗೆ ಗೊತ್ತು, ಚುಟುಕಾಗಿ ಹೇಳಿಬಿಡುತ್ತೇನೆ. ಕ್ರೋ ಚಿಟ್ಟೆಯ ಮರಿಹುಳು ಕಣಗಿಲೆ, ಅತ್ತಿ, ಆಲದಂಥ ಹಾಲು ಒಸರುವ ಗಿಡಮರಗಳ ಎಲೆ ತಿಂದು ಬೆಳೆಯುತ್ತದೆ. ರೆಕ್ಕೆ ಬಂದ ಮೇಲೆ ಗಂಡುಗಳು ಕೆಲವು ಗಿಡಗಳ ಒಣಗುತ್ತಿರುವ ಎಲೆಕಾಂಡಗಳಿಗೆ ಮುತ್ತಿ, ಅಲ್ಲಿನ ಕಹಿ ರಾಸಾಯನಿಕಗಳನ್ನು ಹೀರಿಕೊಳ್ಳುತ್ತವೆ. ಒಮ್ಮೆ ಕಚ್ಚಿ ನೋಡಿದ ಹಕ್ಕಿ ಆ ಬಣ್ಣವನ್ನು ಮರೆಯುವುದಿಲ್ಲ. ಅದಕ್ಕೇ ಕ್ರೋಗೂ ಬ್ಲೂ ಟೈಗರ್‌ಗೂ ಅಷ್ಟು ನಿರಾಳ ಹಾರಾಟ. ಮೈಮ್‌ನ ಮೈಯಲ್ಲಿ ಆ ಕಹಿ ಇಲ್ಲ, ಬಣ್ಣ ಮಾತ್ರ ಇದೆ. ಅಮೆಜಾನ್ ಕಾಡಿನಲ್ಲಿ 11 ವರ್ಷ ಕಳೆದು ಬಂದ ಹೆನ್ರಿ ವಾಲ್ಟರ್ ಬೇಟ್ಸ್ 1862ರಲ್ಲಿ ಇಂಥ ರಕ್ಷಣೆಯನ್ನು ಮೊದಲು ವಿವರಿಸಿದರು. ಹಾರುತ್ತಿರುವಾಗ ಅಸಲಿ ಯಾವುದು, ಅಣಕ ಯಾವುದು ಎಂದು ತಮಗೇ ತಿಳಿಯುತ್ತಿರಲಿಲ್ಲವೆಂದು ಅವರು ಬರೆದುಕೊಂಡಿದ್ದಾರೆ.

ಹಕ್ಕಿಯಿಂದ ತಪ್ಪಿಸಿಕೊಳ್ಳಲು ಹುಟ್ಟಿದ ಈ ಸೋಗು ನಮ್ಮಿಂದಲೂ ತಪ್ಪಿಸಿಕೊಳ್ಳುತ್ತಿದೆ. ಹಕ್ಕಿಗೆ ಕಹಿ ಬೇಡ, ನಮಗೆ ಮಾಮೂಲಿ ಬೇಡ. ಇಬ್ಬರೂ ಒಂದು ನೋಟ ಬೀರಿ ತಲೆ ತಿರುಗಿಸುತ್ತೇವೆ. ಕಾಮನ್ ಮೈಮ್ ಎಲ್ಲೋ ದೂರದ ಅಭಯಾರಣ್ಯದ ಅಪರೂಪದ ಜೀವವಲ್ಲ. ಊರಿನ ತೋಟಕ್ಕೂ ಬರುತ್ತದೆ. ಹಾಗಿದ್ದೂ ಚಿತ್ರಗಳಲ್ಲಿ ಇಷ್ಟು ಕಡಿಮೆ ಕಾಣುವುದಕ್ಕೆ ನಾವು ಕ್ರೋಗಳತ್ತ ಕ್ಯಾಮೆರಾ ತಿರುಗಿಸದಿರುವುದೂ ಒಂದು ಕಾರಣ ಎಂದೇ ನನ್ನ ನಂಬಿಕೆ.

ಇನ್ನು ಚಿತ್ರದ ವಿಚಾರ. ಚಿಟ್ಟೆ ರೆಕ್ಕೆ ಬಿಚ್ಚಿ ಬಿಸಿಲು ಕಾಯುತ್ತಿರುವಾಗ ಮೇಲಿನಿಂದ ತೆಗೆದ ಚಿತ್ರವೇ ಚಂದ ಎಂದು ನಮ್ಮಲ್ಲೊಂದು ರೂಢಿ ಬೆಳೆದುಬಿಟ್ಟಿದೆ. ಸೋಗಿನ ಚಿಟ್ಟೆಯ ಮಟ್ಟಿಗೆ ಅದು ಸಾಲದು. ರೆಕ್ಕೆಯ ಮೇಲ್ಮೈ ಹಕ್ಕಿಗೆ ತೋರಿಸಲೆಂದೇ ರೂಪುಗೊಂಡ ಭಾಗ. ಚಿಟ್ಟೆಯ ಗುಟ್ಟು ಇರುವುದು ಹಕ್ಕಿ ಗಮನಿಸದ ಕಡೆ. ಆದ್ದರಿಂದ ದಯವಿಟ್ಟು ಮಂಡಿಯೂರಿ, ಪಕ್ಕಕ್ಕೆ ಸರಿದು, ಅದರ ಕಾಲುಗಳನ್ನು ಹಿಡಿಯಿರಿ. ಕ್ರೋ ಮತ್ತು ಬ್ಲೂ ಟೈಗರ್ ಸೇರಿದ ಕುಟುಂಬದಲ್ಲಿ ಮುಂದಿನ ಜೋಡಿ ಕಾಲು ಕುಗ್ಗಿಹೋಗಿ ಎದೆಗೆ ಅಂಟಿಕೊಂಡಿರುತ್ತದೆ, ನಿಲ್ಲುವುದು ನಾಲ್ಕೇ ಕಾಲಿನ ಮೇಲೆ. ಸ್ವಾಲೋಟೇಲ್‌ಗಳಿಗೆ ಆರೂ ಕಾಲು ಪೂರ್ತಿ ಇರುತ್ತವೆ, ಆರನ್ನೂ ಊರುತ್ತವೆ. ಗ್ರೇಟ್ ಎಗ್‌ಫ್ಲೈ ಹೆಣ್ಣು ಕೂಡ ನಾಲ್ಕು ಕಾಲಿನದೇ. ಹೀಗಾಗಿ ಕಾಲು ಸ್ಪಷ್ಟವಾಗಿ ಬಿದ್ದ ಒಂದು ಚಿತ್ರವಿದ್ದರೆ ಮೈಮ್, ರೇವನ್ ಒಂದು ಕಡೆಗೆ, ಉಳಿದವೆಲ್ಲ ಇನ್ನೊಂದು ಕಡೆಗೆ ಸರಿಯುತ್ತವೆ. ರೆಕ್ಕೆಯ ಬಣ್ಣ ಎಷ್ಟೇ ಬದಲಾದರೂ ಕುಟುಂಬದ ಈ ಗುರುತು ಬದಲಾಗುವುದಿಲ್ಲ.

ಕಾಲು ಹುಲ್ಲಿನಲ್ಲಿ ಮುಚ್ಚಿಹೋಗಿದ್ದರೆ ರೆಕ್ಕೆಯ ಕೆಳಮೈಗೆ ಕಾಯಿರಿ. ಮೈಮ್‌ನ ಎರಡೂ ರೂಪಗಳಲ್ಲಿ ಹಿಂದಿನ ರೆಕ್ಕೆಯ ಹೊರ ಅಂಚಿಗೆ ಹಳದಿ ಮಚ್ಚೆಗಳ ಸಾಲಿದೆ, ರೆಕ್ಕೆ ಮಡಚಿ ಕೂತಾಗ ಎದ್ದು ಕಾಣುತ್ತದೆ. ಕ್ರೋ ರೆಕ್ಕೆಯಲ್ಲಾಗಲಿ, ಬ್ಲೂ ಟೈಗರ್ ರೆಕ್ಕೆಯಲ್ಲಾಗಲಿ ಆ ಹಳದಿ ಇಲ್ಲ. ಮಲಬಾರ್ ರೇವನ್‌ನಲ್ಲೂ ಇಲ್ಲ. ಒಂದು ಎಚ್ಚರಿಕೆ: ಗಂಡು ಕ್ರೋ ಕೆಲವೊಮ್ಮೆ ಹೊಟ್ಟೆಯ ತುದಿಯಿಂದ ಹಳದಿ ಕುಂಚಗಳನ್ನು ಹೊರಚಾಚುತ್ತದೆ, ಹೆಣ್ಣನ್ನು ಒಲಿಸಿಕೊಳ್ಳಲು ಪರಿಮಳ ಬೀರುವ ಕೂದಲುಗಳವು. ದೂರದ ಚಿತ್ರದಲ್ಲಿ ಅದನ್ನೇ ರೆಕ್ಕೆಯ ಮಚ್ಚೆ ಎಂದುಕೊಳ್ಳುವ ಸಂಭವವಿದೆ. ತಲೆ ಮತ್ತು ಎದೆಯ ಮೇಲಿನ ಬಿಳಿ ಚುಕ್ಕಿಗಳನ್ನು ನೆಚ್ಚಿಕೊಳ್ಳಬೇಡಿ, ಮೈಮ್ ಅವುಗಳನ್ನೂ ಹೋಲಿಸಿಕೊಂಡಿದೆ.

ಹಿಂದಿನ ರೆಕ್ಕೆಯ ಒಳ ಅಂಚನ್ನೂ ನೋಡಿ. ಬೇರೆ ಚಿಟ್ಟೆಗಳಲ್ಲಿ ಆ ಅಂಚು ಹೊಟ್ಟೆಯನ್ನು ದೋಣಿಯ ಹಾಗೆ ತಬ್ಬಿಕೊಂಡಿರುತ್ತದೆ. ಸ್ವಾಲೋಟೇಲ್‌ಗಳಲ್ಲಿ ಅದು ಒಳಕ್ಕೆ ಬಾಗಿ, ಹೊಟ್ಟೆ ಬಿಡಿಯಾಗಿ ಕಾಣುತ್ತದೆ. ಹಾರಾಟವೂ ಒಂದು ಸುಳಿವು. ಸುತ್ತ ಗಲಾಟೆಯಿಲ್ಲದಾಗ ಮೈಮ್ ಕ್ರೋನಂತೆಯೇ ತೇಲುತ್ತದೆ. ಬೆದರಿತೋ, ಸೋಗೆಲ್ಲ ಬಿಟ್ಟು ಸ್ವಾಲೋಟೇಲ್‌ನ ಬಿರುಸಿನಲ್ಲಿ ನೆಟ್ಟಗೆ ಓಡುತ್ತದೆ. ಹಾಗಂತ ಗುರುತಿಗಾಗಿ ಬೆದರಿಸಿ ನೋಡಬೇಡಿ. ಅದು ತಾನಾಗಿ ಹಾರಿಹೋದಾಗ ಕಂಡದ್ದನ್ನು ಬರೆದಿಟ್ಟುಕೊಂಡರೆ ಸಾಕು.

ಬ್ಲೂ ಟೈಗರ್ ರೂಪದ ವಿಷಯದಲ್ಲಿ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ದೊಡ್ಡ ಮಾತು. ಅಸಲಿ ಬ್ಲೂ ಟೈಗರ್‌ನ ಗೀರುಗಳಲ್ಲಿ ತಿಳಿನೀಲಿ ಛಾಯೆ ಇದೆ, ಮೈಮ್‌ನವು ಕೆನೆಬಿಳಿ. ಕಾಡಿನ ನೆರಳಲ್ಲಿ ತೆಗೆದ ಚಿತ್ರಕ್ಕೆ ತಾನಾಗಿಯೇ ನೀಲಿ ಕವಿಯುತ್ತದೆ. ಆಮೇಲೆ ಮನೆಯಲ್ಲಿ ಕೂತು ಬಣ್ಣ ಏರಿಸಿದರೆ ಕೆನೆಬಿಳಿಯೂ ನೀಲಿಯಾಗುತ್ತದೆ, ಮೈಮ್ ನಿಮ್ಮ ಕಣ್ಣೆದುರೇ ಟೈಗರ್ ಆಗಿಬಿಡುತ್ತದೆ. ರಾ ಕಡತವನ್ನು ಉಳಿಸಿಕೊಳ್ಳಿ. ಗುರುತಿಗೆ ಕಳಿಸುವಾಗ ತಿದ್ದದ ಚಿತ್ರವನ್ನೇ ಕಳಿಸಿ. ಹರಿದ ರೆಕ್ಕೆಯನ್ನು ತಂತ್ರಾಂಶದಲ್ಲಿ ಹೊಲಿಯಬೇಡಿ. ಹರಿದ ಜಾಗ ಹಕ್ಕಿಯ ಕೊಕ್ಕಿನದಾಗಿದ್ದರೆ, ಸೋಗಿನ ಕಥೆಗೆ ಅದಕ್ಕಿಂತ ಬೆಲೆಬಾಳುವ ಸಾಕ್ಷಿ ಇಲ್ಲ. ಮಸುಕು ತೆಗೆಯುವ ಎಐ ಸಾಧನಗಳ ಬಗ್ಗೆಯೂ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಕ್ಯಾಮೆರಾ ಕಾಣದ ಗೆರೆಯನ್ನು ಅವು ಊಹಿಸಿ ತುಂಬುತ್ತವೆ. ಒಂದು ಮಚ್ಚೆಯ ಮೇಲೆ ಗುರುತು ನಿಂತಿರುವಾಗ ಊಹೆಯ ಮಚ್ಚೆ ಚಿತ್ರವನ್ನೇ ಕೆಡಿಸುತ್ತದೆ. ಹೆಸರು ಸೂಚಿಸುವ ಆ್ಯಪ್‌ಗಳು ಒಳ್ಳೆಯ ಜೊತೆಗಾರರು. ಆದರೆ ಅವು ನೋಡುವುದೂ ಹಕ್ಕಿ ನೋಡುವುದನ್ನೇ, ಬಣ್ಣ ಮತ್ತು ವಿನ್ಯಾಸವನ್ನು. ಅವು ಹೇಳಿದ ಮೇಲೂ ಕಾಲು ಎಣಿಸಿ.

ಈಗ ನನ್ನ ಮುಖ್ಯ ಕೋರಿಕೆ. ಮೈಮ್ ಸಿಕ್ಕ ಸಂತೋಷದಲ್ಲಿ ಅಲ್ಲಿದ್ದ ಕ್ರೋಗಳನ್ನು ಬಿಟ್ಟು ಬರಬೇಡಿ. ಅವುಗಳನ್ನೂ ತೆಗೆಯಿರಿ, ಎಷ್ಟಿದ್ದವು ಎಂದು ಬರೆಯಿರಿ. ಸೋಗು ಫಲಿಸಬೇಕಾದರೆ ಅಸಲಿ ಹೆಚ್ಚಿದ್ದು ಅಣಕ ಕಡಿಮೆ ಇರಬೇಕು, ಇಲ್ಲದಿದ್ದರೆ ಹಕ್ಕಿಗೆ ಕಹಿಗಿಂತ ರುಚಿಯ ತುತ್ತೇ ಹೆಚ್ಚು ಸಿಕ್ಕಿ ಪಾಠ ಉಲ್ಟಾ ಆಗುತ್ತದೆ. ಕೇಳಲು ಸರಳ. ಆದರೆ ನಮ್ಮ ಒಂದು ತಾಲ್ಲೂಕಿನಲ್ಲಿ ಅದು ನಿಜವೇ ಎಂದು ನೋಡಲು ಎರಡರ ಲೆಕ್ಕವೂ ಬೇಕು. ಅಪರೂಪದ್ದನ್ನು ಮಾತ್ರ ಕೂಡಿಹಾಕಿದ ಚಿತ್ರಸಂಗ್ರಹದಿಂದ ಆ ಪ್ರಶ್ನೆ ಕೇಳಲೂ ಬಾರದು.

ಹವ್ಯಾಸಿಗಳ ದಾಖಲೆಗೆ ಎಂಥ ಶಕ್ತಿ ಇದೆ ಎಂಬುದಕ್ಕೆ ಜಪಾನಿನ ದಕ್ಷಿಣದ ರ್ಯುಕ್ಯು ದ್ವೀಪಗಳ ನಿದರ್ಶನ ನನಗೆ ಬಹಳ ಇಷ್ಟ. ಅಲ್ಲಿ ಕಾಮನ್ ಮಾರ್ಮನ್ ಮೊದಲಿನಿಂದಲೂ ಇತ್ತು. ಅದರ ವೇಷದ ಹೆಣ್ಣು ಯಾವುದನ್ನು ಹೋಲುತ್ತದೋ ಆ ಕಾಮನ್ ರೋಸ್ ಕೆಲವು ದ್ವೀಪಗಳಿಗೆ ತಡವಾಗಿ ಬಂದು ನೆಲೆಸಿತು. ವಿಷದ ರೋಸ್ ನೆಲೆಯೂರಿದ ಮೇಲೆ ವೇಷ ಹಾಕಿದ ಮಾರ್ಮನ್ ಹೆಣ್ಣುಗಳ ದಾಖಲೆಗಳು ಹೆಚ್ಚಿದ್ದನ್ನು 1991ರ ಒಂದು ಪ್ರಬಂಧ ತೋರಿಸಿತು. ‘ಮಾರ್ಮನ್ ತಾನೆ’ ಎಂದು ಯಾರೂ ಬರೆದಿಡದೆ ಹೋಗಿದ್ದರೆ ಆ ಬದಲಾವಣೆ ಕಣ್ಣೆದುರೇ ನಡೆದು, ಗುರುತು ಉಳಿಯದೆ ಹೋಗುತ್ತಿತ್ತು.

ನಮ್ಮಲ್ಲಿ ಇನ್ನೂ ಚೋದ್ಯದ ಸಂಗತಿಯಿದೆ. ದಕ್ಷಿಣ ಭಾರತದಲ್ಲಿ ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕ್ರೋಗಳು ದೊಡ್ಡ ಹಿಂಡುಗಳಲ್ಲಿ ವಲಸೆ ಹೋಗುತ್ತವೆ. ಮುಂಗಾರಿನ ಆಸುಪಾಸಿನಲ್ಲಿ ಘಟ್ಟಗಳಿಂದ ಪೂರ್ವದ ಬಯಲಿನತ್ತ, ಮತ್ತೆ ಮರಳಿ ಘಟ್ಟದತ್ತ. ಬೆಂಗಳೂರಿನ ಮನೆ ಮಾಳಿಗೆಯ ಮೇಲೆ ಅವು ಸಾಗುವುದನ್ನು ನೀವು ನೋಡಿದ್ದೀರಿ. ಕಹಿ ಚಿಟ್ಟೆಗಳ ದಂಡು ಊರು ಬಿಟ್ಟು ಹೋದಾಗ, ಅವುಗಳ ನೆರಳಲ್ಲಿ ಬದುಕುವ ಮೈಮ್‌ನ ಗತಿ ಏನು? ಆ ತಿಂಗಳುಗಳಲ್ಲಿ ಹಕ್ಕಿಗಳು ಅದನ್ನು ಹೆಚ್ಚು ಹಿಡಿಯುತ್ತವೆಯೇ? ಮೈಮ್ ರೆಕ್ಕೆ ತೆರೆದು ಹೊರಬರುವ ಹೊತ್ತು ದಂಡು ಇರುವ ಹೊತ್ತಿಗೆ ಕೂಡಿಬರುತ್ತದೆಯೇ? ಪ್ರತಿ ವಾರ ಒಂದೇ ದಾರಿಯಲ್ಲಿ ನಡೆದು, ಕಂಡ ಪ್ರತಿ ಕ್ರೋವನ್ನೂ ತೆಗೆಯುವ ಹತ್ತು ಜನ ಬೇರೆಬೇರೆ ಊರುಗಳಲ್ಲಿದ್ದರೆ ಇದಕ್ಕೆ ಉತ್ತರದ ದಾರಿ ತೆರೆಯುತ್ತದೆ. ಪ್ರಯೋಗಾಲಯದ ಕೆಲಸ ಬೇರೆಯೇ ನಡೆಯುತ್ತಿದೆ: ಮಾರ್ಮನ್ ಹೆಣ್ಣಿನ ವೇಷವನ್ನು ನಿಯಂತ್ರಿಸುವುದು ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ಎಂದು 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿಕೊಟ್ಟ ಕೃಷ್ಣಮೇಘ ಕುಂಟೆ ಅವರು ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನವರೇ. ಜೀನ್ ಅವರು ಓದಬಲ್ಲರು. ಯಾವ ಊರಿನ ಯಾವ ತೋಟದಲ್ಲಿ ಯಾವ ತಿಂಗಳು ಎಷ್ಟು ಹಾರಿದವು ಎಂಬುದನ್ನು ನೀವಲ್ಲದೆ ಬೇರೆ ಯಾರೂ ಬರೆಯಲಾರರು.

ರೆಕ್ಕೆ ಬಂದ ಮೇಲಿನದಷ್ಟೇ ಸೋಗಲ್ಲ. ಹಿತ್ತಲಿನಲ್ಲಿ ದಾಲ್ಚಿನ್ನಿ ಮರವಿದ್ದರೆ ಅದರ ಎಳೆ ಎಲೆಗಳನ್ನು ನೋಡಿ. ಮೈಮ್‌ನ ಎಳೆಯ ಮರಿಹುಳು ಹಕ್ಕಿಯ ಹಿಕ್ಕೆಯ ಹಾಗೆ ಕೂತಿರುತ್ತದೆ. ಬೆಳೆದಂತೆ ಆ ರೂಪ ಬಿಟ್ಟು, ಕಪ್ಪು ಮೈಗೆ ಹಳದಿ ಪಟ್ಟೆ, ಕೆಂಪು ಚುಕ್ಕಿ ತೊಟ್ಟು ರಾಜಾರೋಷವಾಗಿ ಕಾಣಿಸಿಕೊಳ್ಳುತ್ತದೆ. ಆಮೇಲೆ ಬರುವ ಕೋಶ ನನಗೆ ಇಡೀ ಜೀವನಚಕ್ರದಲ್ಲೇ ಅತ್ಯಂತ ಬೆರಗಿನದು. ಮುರಿದು ಒಣಗಿದ ಕಡ್ಡಿಯ ತುಂಡಿನ ಹಾಗೆ ಅದರ ತುದಿ ಮೊಂಡು, ಬುಡ ರೆಂಬೆಯೊಳಗಿಂದಲೇ ಹೊರಟಂತೆ ಬೆಸೆದಿರುತ್ತದೆ. ತೊಗಟೆಯ ಒರಟು, ಬಣ್ಣ, ಎಲ್ಲವೂ ಇದೆ. ಹಿಕ್ಕೆ, ಕಡ್ಡಿ, ಕ್ರೋ ಹೀಗೆ ಒಂದಾದ ಮೇಲೊಂದು ಸೋಗು ಹೊತ್ತು ಒಂದೇ ಜೀವ ಬಾಳು ದಾಟುತ್ತದೆ. ಒಂದೇ ಮರಿಹುಳುವನ್ನು ಮೊದಲಿನಿಂದ ಕೊನೆಯವರೆಗೆ ಅದೇ ರೆಂಬೆಯಲ್ಲಿ ಹಿಂಬಾಲಿಸಿದ ಸರಣಿಚಿತ್ರ ನಿಮ್ಮಲ್ಲಿ ಯಾರಾದರೂ ಮಾಡಬೇಕೆಂದು ನನ್ನ ಆಸೆ. ರೆಂಬೆ ಮುರಿದು ಮನೆಗೆ ತರದೆ, ಮರದಲ್ಲೇ.

ಮುರಿಯುವ ಮಾತು ಬಂದದ್ದರಿಂದ ಇನ್ನೊಂದನ್ನು ಗಟ್ಟಿಯಾಗಿಯೇ ಹೇಳಬೇಕು. ಕೀಟ ಅಲುಗಾಡದಿರಲೆಂದು ಅದನ್ನು ಫ್ರಿಜ್ಜಿನಲ್ಲಿಟ್ಟು ಜಡಗೊಳಿಸುವುದು, ಕಾಲಿಗೆ ಅಂಟು ಹಚ್ಚುವುದು, ರೆಕ್ಕೆ ಹಿಡಿದು ಬೇಕಾದ ಹೂವಿನ ಮೇಲೆ ಕೂರಿಸುವುದು ಎಲ್ಲವೂ ಕ್ರೌರ್ಯ. ಅಂಥ ಚಿತ್ರ ಎಷ್ಟೇ ಹರಿತವಾಗಿದ್ದರೂ ಅದರಿಂದ ಕಲಿಯಲು ಏನೂ ಉಳಿದಿರುವುದಿಲ್ಲ. ಕೀಟ ಎಲ್ಲಿತ್ತು, ಏನು ಮಾಡುತ್ತಿತ್ತು, ಯಾರ ಜೊತೆಗಿತ್ತು ಎಂಬುದೇ ಅಳಿಸಿಹೋಗಿರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಹಲವು ಚಿಟ್ಟೆಗಳಿಗೂ ಇದೆ ಎಂಬುದನ್ನು ನಿಮ್ಮ ಜೊತೆ ಬರುವ ಹೊಸಬರಿಗೆ ಹೇಳಿ. ಹೊಳೆಯಂಚಿನ ಒದ್ದೆ ಮರಳಿನಲ್ಲಿ ಗಂಡು ಚಿಟ್ಟೆಗಳು ಲವಣ ಹೀರಲು ಕೂಡುವ ಜಾಗದಲ್ಲಿ, ಇಷ್ಟಿಷ್ಟೇ ಹತ್ತಿರ ಸರಿದು ಕೂತರೆ ಅವು ನಿಮ್ಮನ್ನು ಲೆಕ್ಕಿಸುವುದಿಲ್ಲ. ಕಾಲೂ ಕೆಳಮೈಯೂ ಒಟ್ಟಿಗೆ ಸಿಗುವುದು ಅಲ್ಲೇ. ಗುಂಪಾಗಿ ನುಗ್ಗಿ ತುಳಿದರೆ ಯಾರಿಗೂ ಸಿಗುವುದಿಲ್ಲ.

ಮೈಮ್ ಹೆಸರಿನಲ್ಲಿ ಹೇಳಿದ್ದೆಲ್ಲ ಬೇರೆ ಸೋಗಿನವಕ್ಕೂ ಸಲ್ಲುತ್ತದೆ. ಪ್ಲೇನ್ ಟೈಗರ್ ಎಂದುಕೊಂಡದ್ದು ಡಾನೈಡ್ ಎಗ್‌ಫ್ಲೈನ ಹೆಣ್ಣಿರಬಹುದು. ಹೂವಿನ ಮೇಲಿನ ಜೇನುಹುಳಕ್ಕೆ ರೆಕ್ಕೆ ಎರಡೇ ಇದ್ದರೆ ಅದು ಹೂನೊಣ. ಅವರೆ, ಅಲಸಂದೆ ಹೊಲದಲ್ಲಿ ಕಪ್ಪಿರುವೆಯೆಂದು ಕಂಡದ್ದು ಕಾಯಿ ಹೀರುವ ತಿಗಣೆಯ ಮರಿಯಿರಬಹುದು. ಇರುವೆಯ ಬಾಯಲ್ಲಿ ದವಡೆ, ತಿಗಣೆಗೆ ಸೂಜಿಯಂಥ ಸೊಂಡಿಲು. ಅದೂ ಪಕ್ಕದಿಂದ ತೆಗೆದ ಚಿತ್ರದಲ್ಲೇ ಕಾಣುವುದು.

ಹೆಸರಿಡುವ ಅವಸರದ ಬಗ್ಗೆ ಒಂದು ಮಾತು. ಕಾಲೂ ಕಾಣದ, ಹಿಂದಿನ ರೆಕ್ಕೆಯ ಅಂಚೂ ಕಾಣದ ಚಿತ್ರಕ್ಕೆ ‘ಕ್ರೋ ಅಥವಾ ಅದನ್ನು ಹೋಲುವುದು’ ಎಂದು ಬರೆದು ನಿಲ್ಲಿಸಿದರೆ ಅದು ಪ್ರಾಮಾಣಿಕ ದಾಖಲೆ. ಮುಂದೆ ಯಾರಾದರೂ ಅದನ್ನು ಬಳಸಬಹುದು. ಒತ್ತಾಯದಿಂದ ಅಂಟಿಸಿದ ಹೆಸರು ನಕ್ಷೆಯಲ್ಲಿ ಸುಳ್ಳು ಚುಕ್ಕಿಯಾಗಿ ಕೂರುತ್ತದೆ. ಮಲಬಾರ್ ರೇವನ್‌ನಂಥ, ಘಟ್ಟಕ್ಕಷ್ಟೇ ಸೀಮಿತವಾದ ಜೀವಕ್ಕೆ ಸುಳ್ಳು ಚುಕ್ಕಿಗಳು ಬಹಳ ಹಾನಿ. ಅದು ಎಲ್ಲೆಲ್ಲಿ ಉಳಿದಿದೆ ಎಂಬ ನಮ್ಮ ತಿಳಿವಳಿಕೆಯೇ ಅವುಗಳಿಂದ ಕೆಡುತ್ತದೆ.

ಮಳೆ ಹಿಡಿದು ಹೊರಗೆ ಹೋಗಲಾಗದ ದಿನ ಬಂದೇ ಬರುತ್ತದೆ. ಅಂದು ನಿಮ್ಮ ಹಳೆಯ ಹಾರ್ಡ್‌ಡಿಸ್ಕ್ ತೆಗೆದು, ‘ಕ್ರೋ’ ಮತ್ತು ‘ಬ್ಲೂ ಟೈಗರ್’ ಎಂದು ಹೆಸರಿಟ್ಟ ಫೋಲ್ಡರ್‌ಗಳನ್ನು ತೆರೆಯಿರಿ. ಒಂದೊಂದು ಚಿತ್ರವನ್ನೂ ಹಿಗ್ಗಿಸಿ ಹಿಂದಿನ ರೆಕ್ಕೆಯ ಅಂಚು ನೋಡಿ, ಕಾಲು ಎಣಿಸಿ. ಹಳದಿ ಸಾಲು ಸಿಕ್ಕಿದರೆ ತಾರೀಖು, ಊರು, ಹತ್ತಿರದ ಗಿಡ ಸೇರಿಸಿ ಐನ್ಯಾಚುರಲಿಸ್ಟ್‌ಗಾಗಲಿ ಬಟರ್‌ಫ್ಲೈಸ್ ಆಫ್ ಇಂಡಿಯಾ ಜಾಲತಾಣಕ್ಕಾಗಲಿ ಹಾಕಿ. ಆರು ಕಾಲಿದ್ದು ಹಳದಿ ಇಲ್ಲದ ಚಿತ್ರ ಘಟ್ಟದ ಕಡೆಯದಾಗಿದ್ದರೆ ಇನ್ನೂ ಜೋಪಾನ, ಅದು ರೇವನ್ ಆಗಿರಬಹುದು, ಬಲ್ಲವರಿಗೆ ಮೂಲ ಕಡತವನ್ನೇ ತೋರಿಸಿ. ಅದೇ ದಿನ ಅದೇ ಜಾಗದಲ್ಲಿ ತೆಗೆದ ಅಸಲಿ ಕ್ರೋಗಳ ಚಿತ್ರಗಳನ್ನೂ ಜೊತೆಗೇ ಹಾಕಿ.

ಇಂತಿ ನಿಮ್ಮ ವಿಶ್ವಾಸಿ,
ಚಿಟ್ಟೆಗಳ ದಾರಿಯಲ್ಲಿ ನಿಮ್ಮೊಡನೆ ನಡೆಯುವ ಒಬ್ಬರು